ಹಿಡಿ ರಾಗಿಯ ಅಳತೆ

ನಿಡಘಟ್ಟದ ಅಂಕಮ್ಮನ ಮನೆಯಲ್ಲಿ ಆ ಒಂದು ತಿಂಗಳು ಬೀಸುವ ಕಲ್ಲಿಗೆ ಹೊತ್ತುಗೊತ್ತು ಇರಲಿಲ್ಲ. ಬೇರೆ ಹೆಂಗಸರು ಕೋಳಿ ಕೂಗುವಾಗಲೇ ಬೀಸಿ ಮುಗಿಸಿದರೆ, ಇವಳ ಕಲ್ಲು ನಡುಮಧ್ಯಾಹ್ನದಲ್ಲೂ ಗುರುಗುಡುತ್ತಿತ್ತು, ದೀಪ ಹಚ್ಚುವಾಗಲೂ. ಮಗಳು ಅಳತೊಡಗಿದೊಡನೆ ಅವಳು ಕಲ್ಲಿನ ಮುಂದೆ ಕೂರುತ್ತಿದ್ದಳು.

ಮಗಳು ಚಿಕ್ಕಬೋರಿಗೆ ಐದು ವರ್ಷ. ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ತಣಿಗೆಯಲ್ಲಿ ಮುದ್ದೆ ಎಡಕ್ಕೇ ಇರಬೇಕು. ಬಲಕ್ಕೆ ಬಿದ್ದರೆ ಮುಗಿಯಿತು. ದೊಡ್ಡ ರಸ್ತೆಯಲ್ಲಿ ಇದ್ದಿಲು ಉರಿಸಿ ಓಡುವ ಬಸ್ಸು ಭುಸುಗುಟ್ಟಿದರೂ ಸಾಕು, ತಲೆಯನ್ನು ಗೋಡೆಗೆ ಚಚ್ಚಿಕೊಂಡು, ತನ್ನ ಮುಂಗೈಯನ್ನೇ ಕಚ್ಚಿಕೊಂಡು ಅರಚುತ್ತಿದ್ದಳು. ಎತ್ತಿಕೊಂಡರೆ ಇನ್ನೂ ಹೆಚ್ಚು. ಹೆತ್ತ ಮಗಳನ್ನು ಅಪ್ಪಿಕೊಳ್ಳದೆ ಸಾಕುವುದನ್ನು ಅಂಕಮ್ಮ ಕಲಿತಿದ್ದಳು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಆ ವರ್ಷ ಗಂಡ ಮರಿಸಿದ್ದಯ್ಯ ಇಬ್ಬರನ್ನೂ ಮಂಡ್ಯದ ಡಾಕ್ಟರ ಬಳಿ ಕರೆದೊಯ್ದ.

"ದಿನಕ್ಕೆ ಎಷ್ಟು ಸಲ? ಪ್ರತಿ ಸಲ ಎಷ್ಟು ಹೊತ್ತು?" ಎಂದು ಡಾಕ್ಟರು ಕೇಳಿದರು. "ಎಣಿಸ್ನಿಲ್ಲ ಬುದ್ದಿ," ಎಂದ ಮರಿಸಿದ್ದಯ್ಯ.

"ಒಂದು ತಿಂಗಳು ಅಳತೆ ಇಟ್ಟು ಬನ್ನಿ. ಕಡಿಮೆಯಾಗುತ್ತಿದ್ದರೆ ಮನೆಯಲ್ಲೇ ಇರಲಿ. ಇಲ್ಲದಿದ್ದರೆ ಬೆಂಗಳೂರಿಗೆ, ಬುದ್ಧಿ ಕೆಟ್ಟವರ ಆಸ್ಪತ್ರೆಗೆ ಬರೆದುಕೊಡುತ್ತೇನೆ. ಮಗುವನ್ನು ಅಲ್ಲೇ ಬಿಡಬೇಕಾಗುತ್ತದೆ."

ಮನೆಯಲ್ಲಿ ಗಡಿಯಾರವಿರಲಿಲ್ಲ, ಬೀಸುವ ಕಲ್ಲಿತ್ತು. ಅಂಕಮ್ಮ ಅದನ್ನೇ ಅಳತೆ ಮಾಡಿಕೊಂಡಳು. ಅಳು ಶುರುವಾದಾಗ ಕೂರುವುದು, ನಿಂತಾಗ ಏಳುವುದು. ನಡುವೆ ಎಷ್ಟು ಹಿಡಿ ರಾಗಿ ಕಲ್ಲಿನ ಬಾಯಿಗೆ ಬಿತ್ತೋ ಅಷ್ಟು ಹುಣಸೆ ಬೀಜ ಬಟ್ಟೆಗೆ. ವಾರಕ್ಕೊಂದು ಗಂಟು. ಲೆಕ್ಕ ತಪ್ಪೀತೆಂದು ಪದ ಹಾಡುವುದನ್ನೂ ಬಿಟ್ಟಳು.

"ಯಾರಿಗಮ್ಮಿ ಇಷ್ಟೊಂದು ರಾಗಿ ಇಟ್ಟು? ದಂಡಿಗೇನಾದ್ರೂ ಕಳಿಸ್ತಿದ್ದೀಯಾ?" ಎಂದು ಪಕ್ಕದ ಮನೆಯ ಶಿವನಂಜಮ್ಮ ನಕ್ಕಳು.

"ಇಟ್ಟಿಗಲ್ಲ ಕಣಕ್ಕ, ಮಗೀನ ಅಳು ಅಳೀತಾ ಇವ್ನಿ."

"ಅಳೆಯಕ್ಕೆ ಅದೇನು ಎಳ್ಳೆಣ್ಣೆಯಾ!"

ಮೊದಲ ವಾರ ಒಂದೊಂದು ಅಳುವಿಗೆ ಮೂವತ್ತು, ನಲವತ್ತು ಹಿಡಿ. ಎರಡನೆಯ ವಾರ ಇಪ್ಪತ್ತು. ಕೊನೆಯ ವಾರ ಐದಾರು. ಒಮ್ಮೆ ರಾಗಿ ಮುಗಿದಾಗ ಹಿಟ್ಟನ್ನೇ ಮತ್ತೆ ಸುರಿದು ಬೀಸಿದಳು. ಚಿಕ್ಕಬೋರಿ ಅರಚುತ್ತಲೇ ತೆವಳಿ ಬಂದು, ಕಲ್ಲಿನ ಮಗ್ಗುಲಲ್ಲಿ ನೆಲಕ್ಕೆ ಕೆನ್ನೆಯಿಟ್ಟು ಮಲಗಿಬಿಡುತ್ತಿದ್ದಳು. ಅಂಕಮ್ಮನ ಕಣ್ಣು ಬೀಜಗಳ ಮೇಲಿರುತ್ತಿತ್ತು.

ತಿಂಗಳು ತುಂಬಿದ ದಿನ ನಾಲ್ಕು ಗಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಗಂಡ, ಮಗಳೊಡನೆ ಬಸ್ಸು ಹತ್ತಿದಳು. ಹಿಂಬದಿಯ ಇದ್ದಿಲ ಒಲೆ ಉರಿಸಲು ಬಸ್ಸಿನವನು ಗಾಳಿಚಕ್ರ ತಿರುಗಿಸಿದ್ದೇ ತಡ, ಮಗು ಕಿರುಚಿತು. ಬಸ್ಸು ಮದ್ದೂರು ದಾಟಿತು, ಗೆಜ್ಜಲಗೆರೆ ದಾಟಿತು, ಮಂಡ್ಯ ಬಂತು, ಕಿರುಚುವುದು ನಿಲ್ಲಲಿಲ್ಲ. ಡಾಕ್ಟರ ಮೇಜಿನ ಕಾಲಿಗೆ ಚಚ್ಚಿಕೊಂಡು ಹಣೆ ಒಡೆದು ರಕ್ತ ಬಂತು.

ಅಂಕಮ್ಮ ಗಂಟುಗಳನ್ನು ಮೇಜಿನ ಮೇಲಿಟ್ಟಳು. "ನೋಡಿ ಬುದ್ದಿ, ಮೊದಲ್ನೇದು ಎಷ್ಟು ದಪ್ಪ, ಕಡೇದು ಎಷ್ಟು ಸಣ್ಣುಕ್ಕದೆ. ಕಮ್ಮಿ ಆಗ್ಯದೆ."

ಡಾಕ್ಟರು ಗಂಟುಗಳನ್ನು ನೋಡಲಿಲ್ಲ, ಮಗುವನ್ನು ನೋಡಿದರು. "ಇದು ಕಡಿಮೆಯೇನಮ್ಮ?"

ಆಗ ಅವಳಿಗೆ ಹೊಳೆಯಿತು. ಅಳತೆಗೆಂದು ಕೂತದ್ದೇ ಮದ್ದಾಗಿತ್ತು. ನೆಲದೊಳಗೆ ಹರಿದ ಕಲ್ಲಿನ ಗುರುಗುಡುವಿಕೆ, ತಾಯಿಯ ತೋಳು ಮಾಡಲಾಗದ್ದನ್ನು ಮಾಡಿತ್ತು.

"ಕಲ್ಲು ಬುದ್ದಿ, ಬೀಸೋ ಕಲ್ಲು! ಅದರ ಸದ್ದಿಗೆ ಸುಮ್ಕಾಯ್ತಾಳೆ ಇವಳು!"

"ಬಸ್ಸಿಗೆಲ್ಲ ಕಲ್ಲ ಒತ್ಕೊಂಡು ತಿರಗಕ್ಕಾದದಾ?" ಮರಿಸಿದ್ದಯ್ಯ ಅವಳತ್ತ ತಿರುಗಿದ. "ಮೊದ್ಲೇ ಯಾಕಮ್ಮಿ ಇದ್ನ ಯೋಳ್ನಿಲ್ಲ?"

"ಕಾಣ್ನಿಲ್ಲ. ಬೀಜ ಎಣಿಸ್ತಿದ್ದೆ."

ಡಾಕ್ಟರ ಪೆನ್ನು ಆಗಲೇ ಓಡುತ್ತಿತ್ತು.

"ಆ ಆಸ್ಪತ್ರೇಲಿ ಕಲ್ಲಿರ್ತದಾ ಬುದ್ದಿ?" ಎಂದು ಅವಳು ಕೇಳಿದಳು. ಮಗುವಿನ ಕಿರುಚಾಟದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಎಂಟನೆಯ ದಿನ ಮರಿಸಿದ್ದಯ್ಯ ಬೆಂಗಳೂರಿನಿಂದ ಒಬ್ಬನೇ ಮರಳಿದ. ಆ ಸಂಜೆ ಅಂಕಮ್ಮ ಕಲ್ಲಿನ ಮುಂದೆ ಕುಳಿತಳು. ಒಂದು ಹಿಡಿ, ಎರಡು ಹಿಡಿ. ನಲವತ್ತಾಯಿತು, ಎಂಬತ್ತಾಯಿತು. ಅಳುವೇ ಇಲ್ಲದ ಮನೆಯಲ್ಲಿ ಯಾವಾಗ ಏಳಬೇಕೆಂದು ಅವಳಿಗೆ ತಿಳಿಯಲಿಲ್ಲ.