ಬಾಯಲ್ಲೇ ಹಸೆ ಬರೆಸುತ್ತಿದ್ದ ಚೌಡಮ್ಮ

ನನ್ನ ಚಿಕ್ಕಮ್ಮ ಚೌಡಮ್ಮನಷ್ಟು ಚೆಂದ ಹಸೆ ಬರೆಯುವವರು ನಮ್ಮೂರು ಮನ್ಮನೆಯ ಸುತ್ತಮುತ್ತ ಇಲ್ಲ. ಮದುವೆಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಅವಳು ಎಳೆದ ಗೆರೆ ಒಂದು ಕೂದಲಿನಷ್ಟೂ ಅಲುಗುತ್ತಿರಲಿಲ್ಲ. ಏಳು ವರ್ಷದ ಹಿಂದೆ ಚಿಕ್ಕಪ್ಪ ತೀರಿಕೊಂಡರು. ಅಂದಿನಿಂದ ಅವಳ ಕೈ ಅಪಶಕುನವಾಯಿತು. ಬಾಯಿ ಮಾತ್ರ ಆಗಲಿಲ್ಲ. ಅವಳನ್ನು ಜಗುಲಿಯಲ್ಲಿ ಕೂರಿಸಿ, ಯಾವ ಎಳೆ ಎಲ್ಲಿ ತಿರುಗಬೇಕೆಂದು ಕೇಳಿ ಕೇಳಿ ಊರಿನವರೆಲ್ಲ ಬೇರೆ ಹೆಂಗಸರ ಕೈಯಲ್ಲಿ ಹಸೆ ಬರೆಸಿಕೊಂಡರು. ಇಷ್ಟು ಅನುಕೂಲದ ಶಾಸ್ತ್ರವನ್ನು ಹುಡುಕಿಕೊಟ್ಟವರು ನನ್ನ ಅಪ್ಪ ಕೆರಿಯಪ್ಪ.

ಈ ವರ್ಷ ಚಿಕ್ಕಮ್ಮನ ಮಗಳು ಚೇತನಾಳ ಮದುವೆ ಗೊತ್ತಾಯಿತು. ಅದೇ ವಾರ ಸಿದ್ದಾಪುರದಲ್ಲಿ ಒಂದು ಶಿಬಿರ. ಚಿತ್ರ ಬರೆಸಿ, ಹಾಡಿಸಿ, ಕುಣಿಸಿ ಮನಸ್ಸಿನ ಗಾಯ ಮಾಯಿಸುತ್ತಾರಂತೆ. ನಾನೇ ಚಿಕ್ಕಮ್ಮನನ್ನು ಕರೆದುಕೊಂಡು ಹೋದೆ. ಬುದ್ಧಿ ಇರಲಿಲ್ಲ, ಹೋದೆ.

ಶಿಬಿರ ನಡೆಸುವ ವೇದಾ ಮೇಡಂ, “ಇಲ್ಲಿ ಮೇಲು ಕೀಳಿಲ್ಲ, ಎಲ್ಲ ದಬ್ಬಾಳಿಕೆ ಹೊರಗೆ” ಎಂದು ಮೆತ್ತನೆಯ ದಿಂಬಿನ ಮೇಲೆ ಕುಳಿತು ಹೇಳಿದರು. ನಮಗೆ ಬರಿಯ ಚಾಪೆ. ನೋವನ್ನು ಬರೆಯಿರಿ ಎಂದು ಕ್ರೆಯಾನ್ ಹಂಚಿದರು. ಚಿಕ್ಕಮ್ಮ ಒಂದು ಗೋಡೆ ಬರೆದು ನಡುವೆ ಚೌಕ ಖಾಲಿ ಬಿಟ್ಟಳು.

“ಇದು ನಿಮ್ಮೊಳಗಿನ ಶೂನ್ಯ ಅಲ್ವಾ ಅಮ್ಮ?”

“ಅಲ್ಲ ಮೇಡಂ, ನಮ್ಮನೆ ಗೋಡೆ. ಬುಧವಾರ ಮಗಳ ಮದುವೆ. ಹಸೆ ಬರಿಯಕ್ಕೆ ನನ್ನ ಬಿಡದಿಲ್ಲ. ನೀವೊಂದ್ಸಲ ಬಂದು ನಮ್ ಭಾವಂಗೆ ಹೇಳಿ.”

ಮೇಡಂ ಮುಖ ಸಣ್ಣಗಾಯಿತು. “ಮನೆ ವಿಷಯಕ್ಕೆ ನಾವು ಬರಲ್ಲಮ್ಮ. ಅದು ನಿಮ್ಮ ಸಂಸ್ಕೃತಿ, ಗೌರವಿಸ್ತೀವಿ. ಬರೆದ್ರಲ್ಲ, ಮನಸ್ಸು ಹಗುರ ಆಗಿರ್ಬೇಕು.”

“ಮನಸಿಗೆ ಎಂತದೂ ಆಗಿಲ್ಲ ಮೇಡಂ. ಗೋಡೆ ಕೊಡ್ಸಿ ಅಂದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹಾಳೆ ಈಗ ಅವರ ಆಫೀಸಿನಲ್ಲಿ ತೂಗಾಡುತ್ತಿದೆಯಂತೆ, ಅಡಿಯಲ್ಲಿ ‘ಶೂನ್ಯ’ ಎಂದು ಬರೆದು.

ಮಂಗಳವಾರ ಅಪ್ಪ ಇಬ್ಬರು ಹೆಂಗಸರನ್ನು ಕರೆತಂದು ಗೋಡೆಯ ಮುಂದೆ ಕೂರಿಸಿದರು. ಚಿಕ್ಕಮ್ಮ ಜಗುಲಿಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಮಧ್ಯಾಹ್ನದೊಳಗೆ ಗೋಡೆ ಕೋಳಿ ಕೆದರಿದ ಅಂಗಳದಂತಾಯಿತು.

“ಹೇಳೇ ಚೌಡಮ್ಮ, ಎಳೆ ಎಲ್ಲಿ ತಿರುಗ್ಸದು?”

“ಬಾಯಲ್ಲಿ ಬರದಿಲ್ಲ ಭಾವ.”

“ಏಳು ವರ್ಷ ಬಂತಲ್ಲ?”

“ಬೇರೇರ ಮಕ್ಕಳ ಮದುವೆಗೆ ಬಂತು.”

ಅಪ್ಪ ಒಳಗೆ ಹೋದರು, ಹೊರಗೆ ಬಂದರು. ಬೆಳಗಾದರೆ ಗಂಡಿನ ಕಡೆಯವರು ಬರುತ್ತಾರೆ. ಕೊನೆಗೆ ಕೈಚೀಲ ಹಿಡಿದರು. “ನಾನು ಪೇಟೆಗೆ ಹೋಗ್ಬರ್ತೆ. ಬರೋದ್ರೊಳಗೆ ಆಗಿರ್ಬೇಕು. ಯಾರು ಬರ್ದದ್ದು ಅಂತ ಕೇಳದಿಲ್ಲ.”

ನಮ್ಮಪ್ಪನ ಧೈರ್ಯ ಇಷ್ಟೇ.

ಚಿಕ್ಕಮ್ಮ ಎದ್ದು ಕೈ ತೊಳೆದುಕೊಂಡಳು. “ಪೇಟೆ ಬ್ಯಾಡ ಭಾವ. ಇಲ್ಲೇ ಕೂತ್ಕಳಿ. ಹಿಟ್ಟಿನ ಬಟ್ಲು ಹಿಡ್ಕಳಿ.”

ಆ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅಪ್ಪ ನನ್ನತ್ತ ನೋಡಿದರು, ನಾನು ಸೌತೆಕಾಯಿ ನೋಡಿದೆ. ಚಿಕ್ಕಮ್ಮ ಒದ್ದೆ ಬಟ್ಟೆಯಿಂದ ಅವರ ಗೆರೆಗಳನ್ನೆಲ್ಲ ಒರೆಸಿ ಕುಂಚ ಅದ್ದಿದಳು. ಸಂಜೆವರೆಗೂ ಅಪ್ಪ ಬಟ್ಟಲು ಹಿಡಿದೇ ಕೂತಿದ್ದರು. ಕೈ ಸ್ವಲ್ಪ ಇಳಿದರೆ ಅವಳು ತಿರುಗಿಯೂ ನೋಡದೆ, “ಮೇಲೆ ಹಿಡೀರಿ” ಎನ್ನುತ್ತಿದ್ದಳು.