ಬೋಣಿಗೆ ಆದ ಮೇಲೆ ಬರ್ರಿ

ನಮ್ಮ ಪೇಟೆಯಲ್ಲಿ ಚಂದಾ ಕೇಳಲು ಹೊತ್ತುಗೊತ್ತು ಇದೆ. ಬೆಳಿಗ್ಗೆ ಬೋಣಿಗೆ, ಅಂದರೆ ದಿನದ ಮೊದಲ ವ್ಯಾಪಾರ, ಆಗುವ ಮುಂಚೆ ಕೇಳಬಾರದು. ಸಂಜೆ ದೀಪ ಹಚ್ಚಿದ ಮೇಲೂ ಕೇಳಬಾರದು. ಅದು ಲಕ್ಷ್ಮಿ ಒಳಗೆ ಬರುವ ಹೊತ್ತು, ಹೊರಗೆ ಕಳಿಸುವ ಹೊತ್ತಲ್ಲ. ಮಂಗಳವಾರ, ಶುಕ್ರವಾರ ಅಂತೂ ಹೆಸರೇ ಎತ್ತಬಾರದು. ಗಿರಾಕಿ ಇದ್ದಾಗ ಕೇಳಿದರೆ ಸಿಟ್ಟು ಬರುತ್ತದೆ. ಗಿರಾಕಿ ಇಲ್ಲದಾಗ ಕೇಳಿದರೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಇಷ್ಟೆಲ್ಲ ಕಳೆದು ಉಳಿಯುವ ಹೊತ್ತಿನಲ್ಲಿ ಮಾಲೀಕರು ಊಟಕ್ಕೆ ಹೋಗಿರುತ್ತಾರೆ. ಹಾವೇರಿಯಲ್ಲಿ ಗುಂಡಿ, ದಾರ, ಲೇಸು ಮಾರುತ್ತಲೇ ಕೂದಲು ಬೆಳ್ಳಗಾದವಳು ನಾನು. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನನ್ನ ಗಂಡ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಕಿಡ್ನಿ ಹೋಗಿತ್ತು. ರಾಣೇಬೆನ್ನೂರಿನ ಒಂದು ಧರ್ಮಾರ್ಥ ಕೇಂದ್ರಕ್ಕೆ ಡಯಾಲಿಸಿಸ್ ಮಾಡಿಸಲು ಹೋಗಿ ಬರುತ್ತಿದ್ದೆವು. ಅವರು ಮಷೀನಿನ ಪಕ್ಕ ಮಲಗಿರುತ್ತಿದ್ದರು, ನಾನು ಸ್ಟೂಲಿನ ಮೇಲೆ ಕುಳಿತು ಅಂಗಡಿಯ ಗುಂಡಿಗಳನ್ನು ರಟ್ಟಿಗೆ ಹೊಲಿಯುತ್ತಿದ್ದೆ. ಅವರು ಹೋದ ದಿನ ನನಗೆ ಅಳು ಬರಲಿಲ್ಲ. ಅಳಲಿ ಎಂದು ನನ್ನ ನಾದಿನಿ ತೊಡೆ ಚಿವುಟಿದಳು. ನೋವಾಯಿತು, ಅಷ್ಟೇ. ಆಮೇಲೂ ಬರಲಿಲ್ಲ. ಸಾರಿಗೆ ಉಪ್ಪು ಹಾಕದಿದ್ದರೂ ಗೊತ್ತಾಗುತ್ತಿರಲಿಲ್ಲ. ಸೊಸೆ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸುತ್ತಿದ್ದಳು. ನಾನು ಪೂರ್ತಿ ಉಂಡು ಕೈ ತೊಳೆಯುತ್ತಿದ್ದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ನಮ್ಮ ಓಣಿಯಲ್ಲಿ ನನ್ನ ಕೈಗುಣಕ್ಕೆ ಹೆಸರಿತ್ತು. ನಾನು ಬೋಣಿಗೆ ಮಾಡಿದರೆ ದಿನವೆಲ್ಲ ವ್ಯಾಪಾರ ಚೆನ್ನಾಗಿ ಆಗುತ್ತದೆ ಎಂದು ಜನ ನಂಬಿದ್ದರು. ಅದರಲ್ಲೂ ನಮ್ಮ ಪಕ್ಕದ ಪಾತ್ರೆ ಅಂಗಡಿಯವರು. ಶಟರ್ ಎತ್ತಿದ ಕೂಡಲೇ ಅವರ ದನಿ ಕೇಳುತ್ತಿತ್ತು.

“ಅಕ್ಕಾರ, ಬರ್ರಿ. ಒಂದು ಚಮಚಾ ತಗೊಂಡು ಹೋಗ್ರಿ.”

ನಾನು ಹೋಗಿ ಹತ್ತು ರೂಪಾಯಿ ಕೊಟ್ಟು ಒಂದು ಚಮಚ ತರುತ್ತಿದ್ದೆ. ಅವರು ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಗಲ್ಲೆಗೆ ಹಾಕುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದು ನಮ್ಮ ಮನೆಯಲ್ಲಿ ಅಕ್ಕಿ ಇಲ್ಲದ ದಿನ ಇದ್ದೀತು, ಚಮಚ ಇಲ್ಲದ ದಿನ ಇರಲಿಲ್ಲ. “ಇನ್ನೊಂದು ಚಮಚಾ ಬಂದ್ರ ನಾನು ಮನೀ ಬಿಟ್ಟು ಹೊರಗ ಮಲಗೋದ ನೋಡು” ಎಂದು ನನ್ನ ಗಂಡ ಕಾಡಿಸುತ್ತಿದ್ದರು.

ಅವರು ತೀರಿಕೊಂಡ ಮೇಲೆ ಪಾತ್ರೆ ಅಂಗಡಿಯಿಂದ ಬರುತ್ತಿದ್ದ ಆ ದನಿ ನಿಂತಿತು. ಯಾರೂ ಏನೂ ಅನ್ನಲಿಲ್ಲ. ಪಾತ್ರೆ ಅಂಗಡಿಯವರು ಮಾತಾಡಿಸುತ್ತಿದ್ದರು, ಚಹಾ ಕಳಿಸುತ್ತಿದ್ದರು, ಆದರೆ ಎಲ್ಲವೂ ಹೊತ್ತು ಏರಿದ ಮೇಲೆ. ಬೆಳಿಗ್ಗೆ ನಾನು ಬೀಗ ತೆಗೆಯುವಾಗ ಮಾತ್ರ ಅವರಿಗೆ ಒಳಗೋಡೆಯ ಹತ್ತಿರ ಏನೋ ಕೆಲಸ ಬರುತ್ತಿತ್ತು. ಗಂಡ ಸತ್ತವಳ ಕೈಯಿಂದ ಬೋಣಿಗೆ ಮಾಡಿಸುವುದು ಹೋಗಲಿ, ಅವಳ ಮುಖವನ್ನೇ ಮೊದಲು ನೋಡಬಾರದು ಎಂಬ ರೂಢಿ ನನಗೆ ಹೊಸದಲ್ಲ. ನನಗೆ ಬೇಸರವಾಗಲಿಲ್ಲ ಎಂದು ಬರೆದರೆ ಅದು ಸುಳ್ಳೂ ಅಲ್ಲ. ಆಗ ಯಾವುದಕ್ಕೂ ಬೇಸರವಾಗುತ್ತಿರಲಿಲ್ಲ. ಪೇಟೆಯಲ್ಲಿ ನನ್ನ ಕೈಗಿದ್ದ ಬೆಲೆ ಹೋಯಿತು ಎಂಬುದು ಗೊತ್ತಿತ್ತು. ಅದು ತಿರುಗಿ ಬೇಕೋ ಬೇಡವೋ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಕೇಂದ್ರದ ನರ್ಸ್ ಫೋನ್ ಮಾಡಿದಳು. ಹೊಸ ಡಯಾಲಿಸಿಸ್ ಮಷೀನು ತರಲು ಒಂದು ನಡಿಗೆ ಇಟ್ಟಿದ್ದಾರಂತೆ. ಹಾವೇರಿಯಿಂದ ಹೊರಟು ಬ್ಯಾಡಗಿಯಲ್ಲಿ ರಾತ್ರಿ ಉಳಿದು ಮರುದಿನ ಕದರಮಂಡಲಗಿಯ ಮೇಲೆ ಹಾದು ರಾಣೇಬೆನ್ನೂರು ಮುಟ್ಟುವುದು. ನಡೆಯುವವರು ತಮ್ಮ ಪರಿಚಯದವರಿಂದ ಕಿಲೋಮೀಟರಿಗೆ ಇಷ್ಟು ಎಂದು ದುಡ್ಡು ಒಪ್ಪಿಸಿಕೊಂಡು ತರಬೇಕು. ನಾನು ಹೂಂ ಅಂದೆ. ಊಹೂಂ ಅಂದರೆ ಕಾರಣ ಹೇಳಬೇಕಿತ್ತು, ಅಷ್ಟು ಉಮೇದು ನನ್ನಲ್ಲಿರಲಿಲ್ಲ.

ನಡೆದದ್ದಕ್ಕೆ ದುಡ್ಡು ಕೊಡುವುದು ನಮ್ಮ ಪೇಟೆಗೆ ಅರ್ಥವಾಗದ ಮಾತು. ಕಿರಾಣಿ ಅಂಗಡಿಯವರು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು.

“ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಐತಲ್ರಿ ಅಕ್ಕಾರ. ನಡಕೋತ ಯಾಕ ಹೊಂಟೀರಿ?”

“ಮಷೀನಿಗೆ ರೊಕ್ಕ ಕೂಡಸಾಕ್ರಿ.”

“ಮಷೀನಿಗೆ ಕೊಡ್ತೇನಿ, ಖರೇ. ನೀವು ಮನ್ಯಾಗ ಕುಂದ್ರಿ. ಬಿಸಲಾಗ ನಡದು ನೀವೂ ಆ ಮಷೀನಿನ್ಯಾಗ ಮಲಗಬ್ಯಾಡ್ರಿ.”

ಬಟ್ಟೆ ಅಂಗಡಿಯವರದು ಇನ್ನೊಂದು ತಕರಾರು. ನಾನು ಅರ್ಧ ದಾರಿಯಲ್ಲಿ ಕುಳಿತುಬಿಟ್ಟರೆ ಉಳಿದ ಕಿಲೋಮೀಟರಿನ ದುಡ್ಡು ವಾಪಸ್ಸು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಅಂದೆ. ಹಾಗಾದರೆ ಪೂರ್ತಿ ನಡೆದು ಬಂದ ಮೇಲೆ ಕೇಳಿ ಅಂದರು. ಕರ್ಜಗಿಯಿಂದ ಲೇಸು ಒಯ್ಯಲು ಬರುವ ಟೇಲರ್ ಹೆಂಗಸೊಬ್ಬಳು ಮಾತ್ರ ಏನೂ ಕೇಳದೆ ಪರ್ಸಿನಿಂದ ನೋಟು ತೆಗೆದಿಟ್ಟು, “ನನ್ನ ಪಾಲಿಂದು ನೆರಳಿದ್ದಲ್ಲೆ ನಡೀರಿ” ಎಂದಳು.

ನಾನು ವ್ಯಾಪಾರಸ್ಥಳು. ಯಾವ ಮಾತಿಗೆ ಗಿರಾಕಿಯ ಕೈ ಜೇಬಿಗೆ ಹೋಗುತ್ತದೆ ಎಂಬುದು ಬೇಗ ತಿಳಿಯುತ್ತದೆ. ಮಷೀನಿನ ಬಗ್ಗೆ ಹೇಳಿದರೆ ಜನ ಆಕಳಿಸುತ್ತಿದ್ದರು. ಗಂಡನ ಬಗ್ಗೆ ಹೇಳಿದರೆ ಕೊಡುತ್ತಿದ್ದರು. ಹಾಗಾಗಿ ಗಂಡನ ಬಗ್ಗೆ ಹೇಳಿದೆ. ಕೊನೆಕೊನೆಗೆ ಅವರ ಕೈಯ ನರಗಳು ಹೇಗೆ ಗಂಟುಗಟ್ಟಿದ್ದವು, ನೀರು ಕುಡಿಯಲು ಹೇಗೆ ಅಂಗಲಾಚುತ್ತಿದ್ದರು, ಎಲ್ಲವನ್ನೂ ಅಂಗಡಿಯಿಂದ ಅಂಗಡಿಗೆ ಅದೇ ಮಾತಿನಲ್ಲಿ ಹೇಳಿದೆ. ನೀರಿನ ಮಾತಿಗೆ ಒಂದಿಷ್ಟು ನಿಲ್ಲಿಸಬೇಕು, ಆಗ ಎದುರಿನವರು ಚ್ಚು ಚ್ಚು ಅನ್ನುತ್ತಾರೆ. ಲೇಸು ಬಿಚ್ಚಿ ತೋರಿಸುವಾಗಲೂ ನಾನು ಹಾಗೇ ನಡುವೆ ನಿಲ್ಲಿಸುತ್ತೇನೆ. ಹೇಳುವಾಗ ನನಗೇನೂ ಆಗುತ್ತಿರಲಿಲ್ಲ. ಕೇಳಿದವರು ಕಣ್ಣೊರೆಸಿಕೊಂಡರೆ ದುಡ್ಡು ಹೆಚ್ಚು ಬಂದೀತೆಂದು ಮಾತ್ರ ಅನ್ನಿಸುತ್ತಿತ್ತು.

ಪಾತ್ರೆ ಅಂಗಡಿಗೆ ಒಂದು ಗುರುವಾರ ಬೆಳಿಗ್ಗೆ ಹೋದೆ. ಹೊತ್ತು ತಪ್ಪಿತ್ತು, ಅದು ನನಗೂ ಗೊತ್ತಿತ್ತು. ಅವರು ಹೊಸ್ತಿಲ ಹತ್ತಿರ ಬಂದು ನಿಂತರು.

“ಅಕ್ಕಾರ, ಬೋಣಿಗಿ ಆದ ಮ್ಯಾಲೆ ಬರ್ರಿ” ಎಂದರು. ದನಿ ಮೆತ್ತಗೇ ಇತ್ತು.

ಮಧ್ಯಾಹ್ನ ಹೋದಾಗ ಕುರ್ಚಿ ಒರೆಸಿ ಕೂಡಿಸಿ, ಇಡೀ ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟರು. ಒಳ್ಳೆಯ ಮನುಷ್ಯ. ಅದೇ ತೊಡಕು. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು.

ನಡಿಗೆಯ ದಿನ ಭಾಷಣ ಮುಗಿಯುವುದರಲ್ಲೇ ಬಿಸಿಲೇರಿತ್ತು. ನನ್ನ ಜೊತೆಗಿದ್ದವರು ಹೆಚ್ಚಿನವರು ಕಾಲೇಜಿನ ಹುಡುಗಿಯರು. ಅವರು ಮಾತಾಡುತ್ತಾ ನಡೆದರು, ನಾನು ಸುಮ್ಮನೆ ನಡೆದೆ. ಬ್ಯಾಡಗಿ ಇನ್ನೂ ಕಾಣುವ ಮುಂಚೆಯೇ ಗಾಳಿಯಲ್ಲಿ ಮೆಣಸಿನಕಾಯಿ ಘಾಟು ಶುರುವಾಯಿತು. ಹುಡುಗಿಯರು ಸೀನಿ ಸೀನಿ ಸಾಕಾದರು. ನನಗೆ ಸೀನೂ ಬರಲಿಲ್ಲ. ರಾತ್ರಿ ಒಂದು ಕಲ್ಯಾಣ ಮಂಟಪದಲ್ಲಿ ಉಳಿದೆವು.

ಬೆಳಿಗ್ಗೆ ಹೊರಡುವಾಗ ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಮಿರ್ಚಿ ಬಜಿಯ ಗಾಡಿಯಲ್ಲಿ ಆಗತಾನೇ ಎಣ್ಣೆ ಕಾಯಿಸುತ್ತಿದ್ದಳು. ಹುಡುಗಿಯರು ಮುತ್ತಿಕೊಂಡರು. ನಾನು ದೂರ ನಿಂತೆ. ಬೋಣಿಗೆ ಆಗಲಿ, ಆಮೇಲೆ ಹೋದರಾಯಿತು ಎಂದು ಕಾಲು ತಾನಾಗಿಯೇ ನಿಂತಿತ್ತು. ಮೊದಲ ಘಾಣದ ಬಜಿ ಎಣ್ಣೆಯಿಂದ ಇಳಿದಾಗ ಒಬ್ಬಳು ದುಡ್ಡು ಹಾಕಲು ಫೋನ್ ತೆಗೆದು ಡಬ್ಬಿಗೆ ಅಂಟಿಸಿದ ಕ್ಯೂಆರ್ ಕೋಡಿನ ಚಿತ್ರಕ್ಕೆ ಹಿಡಿದಳು. ಗಾಡಿಯವಳು ಚಿತ್ರದ ಮೇಲೆ ಕೈ ಮುಚ್ಚಿದಳು.

“ಫೋನ್ ಆಮ್ಯಾಲೆವ್ವಾ. ಬೋಣಿಗಿ ಕೈಯಿಂದ ಕೈಗೆ ಆಗಬೇಕು.”

ಅಷ್ಟು ಹುಡುಗಿಯರಲ್ಲಿ ಒಬ್ಬಳ ಹತ್ತಿರವೂ ಒಂದು ನೋಟಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಪೇಟೆಯವಳು ನೋಟಿಲ್ಲದೆ ಮನೆ ಬಿಡುವುದುಂಟೇ? ನನ್ನ ಕೈಚೀಲದಲ್ಲಿತ್ತು. ನಾನು ಅದನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟು, ನೀನೇ ಕೊಡು ಅಂದೆ. ಗಾಡಿಯವಳು ಅದನ್ನು ನೋಡಿದಳು.

“ನೀವ ಕೊಡ್ರಲಾ, ಆಕಿ ಕೈಲೆ ಯಾಕ?”

“ನಮ್ಮನಿಯವರು ಹೋಗ್ಯಾರವಾ” ಎಂದೆ. ಅಂಗಡಿಗಳಲ್ಲಿ ಹೇಳಿದಂತೆ ನರ, ನೀರು ಏನೂ ಹೇಳಲಿಲ್ಲ. ಅಷ್ಟೇ ಹೇಳಿದೆ.

“ನಮ್ಮಾಂವನೂ ಹೋಗ್ಯಾನ. ದಿನಾ ಈ ಎಣ್ಣಿಗೆ ಮೊದಲ ಕೈ ನಂದ ಐತಿ. ಬಜಿ ಉಬ್ಬೂದು ಬಿಟ್ಟಾವೇನು? ಲಗೂ ಕೊಡ್ರಿ, ಎಣ್ಣಿ ಸುಡಾಕತ್ತೈತಿ.”

ಕೊಟ್ಟೆ. ಅವಳು ಹಿಟ್ಟು ಹತ್ತಿದ ಬೆರಳುಗಳಲ್ಲೇ ನೋಟು ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಳು. ಮತ್ತೆ ಬಾಣಲೆಯ ಕಡೆ ತಿರುಗಿದಳು. ಅವಳಿಗೆ ಅದು ಅಷ್ಟಕ್ಕೇ ಮುಗಿಯಿತು. ನಾನು ಬಜಿ ಕಚ್ಚಿದೆ. ಖಾರ ನಾಲಿಗೆಗೆ ಹತ್ತಿತು, ಕಿವಿ ಬಿಸಿಯಾಯಿತು. ಉಪ್ಪು ಒಂದು ಚಿಟಿಕೆ ಹೆಚ್ಚೇ ಬಿದ್ದಿತ್ತು. ಅದು ಗೊತ್ತಾಗಿ ನಾನು ಅಲ್ಲಿಯೇ ನಿಂತುಬಿಟ್ಟೆ.

ಕದರಮಂಡಲಗಿ ದಾಟಿ ಸಂಜೆಗೆ ರಾಣೇಬೆನ್ನೂರು ಮುಟ್ಟಿದೆವು. ಹಾರ ಹಾಕಿದರು, ಫೋಟೋ ತೆಗೆದರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ಹಿಟ್ಟಿನ ಬೆರಳುಗಳೇ ಇದ್ದವು. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಇಷ್ಟು ದಿನ ಎಲ್ಲರ ಬೋಣಿಗೆ ಆಗಲಿ ಎಂದು ನಾನೇ ಹೊತ್ತು ಕಾಯುತ್ತಾ ಕುಳಿತಿದ್ದೆನಲ್ಲ, ಅದಕ್ಕೆ ಸಿಟ್ಟು.

ರಾತ್ರಿ ಬಸ್ಸಿಗೆ ಹಾವೇರಿಗೆ ಮರಳಿ, ಮರುದಿನ ಬೆಳಿಗ್ಗೆ ಪಾದದ ಬೊಕ್ಕೆಗೆ ಬಟ್ಟೆ ಕಟ್ಟಿಕೊಂಡು ಪೇಟೆಗೆ ಹೋದೆ. ನಮ್ಮ ಬೀಗ ತೆಗೆಯಲಿಲ್ಲ. ಪಾತ್ರೆ ಅಂಗಡಿಯ ಶಟರ್ ಅರ್ಧ ಏರಿತ್ತು. ಬಗ್ಗಿ ಒಳಗೆ ಹೋದೆ. ಅವರು ಊದಿನಕಡ್ಡಿ ಹಿಡಿದು ದೇವರ ಫೋಟೋದ ಮುಂದೆ ನಿಂತಿದ್ದರು. ತಿರುಗಿ ನನ್ನನ್ನು ಕಂಡಾಗ ಕಡ್ಡಿ ಹಿಡಿದ ಕೈ ಹಾಗೇ ನಿಂತಿತು.

“ಚಂದಾ ಕೊಟ್ಟೇನಲ್ರಿ ಅಕ್ಕಾರ” ಎಂದರು.

“ಚಂದಾಕ್ಕ ಬಂದಿಲ್ರಿ. ಒಂದು ಚಮಚಾ ಕೊಡ್ರಿ.”

ಹತ್ತರ ನೋಟು ಮುಂದೆ ಹಿಡಿದೆ. ಅವರು ಬಾಗಿಲ ಕಡೆ ನೋಡಿದರು. ಬೇರೆ ಗಿರಾಕಿ ಯಾರೂ ಬರಲಿಲ್ಲ. ಕೊನೆಗೆ ಕಡ್ಡಿಯನ್ನು ಸಿಗಿಸಿ, ಚಮಚ ತೆಗೆದು ಕೊಟ್ಟು, ನೋಟು ತೆಗೆದುಕೊಂಡು ಸುಮ್ಮನೆ ಗಲ್ಲೆ ಎಳೆದರು.

“ಕಣ್ಣಿಗೆ ಒತ್ತಗೋರ್ರಿ” ಎಂದೆ.

ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು. ಅವರು ಎಳೆದ ಗಲ್ಲೆಯನ್ನು ತಿರುಗಿ ಒಳಗೆ ತಳ್ಳಿದರು. ಆಮೇಲೆ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು, ಮೊದಲು ಒತ್ತಿಕೊಳ್ಳುತ್ತಿದ್ದ ಹಾಗೇ. “ಸಂಜಿಗೆ ವ್ಯಾಪಾರ ಹೆಂಗಾತು ಅಂತ ಹೇಳ್ತೇನ್ರಿ” ಎಂದರು.

ಹೊರಗೆ ಬಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತೆ. ಕೈಯಲ್ಲಿ ಚಮಚ ಇತ್ತು. ಮನೆಗೆ ಒಯ್ದರೆ ಮತ್ತೊಂದು ಚಮಚ ಬಂತೆಂದು ಕಾಡಿಸಲು ಇನ್ನು ಯಾರೂ ಇಲ್ಲ ಎಂದು ಆಗ ತಿಳಿಯಿತು. ಬೀಗ ತೆಗೆಯದೆ ಅಲ್ಲಿಯೇ ಕುಳಿತು, ಪೇಟೆಯ ಜನ ನೋಡುತ್ತಿರುವಾಗಲೇ, ನನ್ನ ಗಂಡನಿಗಾಗಿ ಅತ್ತೆ.