ಕೆಂಪು ಸಾಲಿಗೂ ಬಡಿಸಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉದ್ದನೆಯ ಕೋಳಿ ಶೆಡ್ಡಿನ ಬಾಗಿಲಲ್ಲಿ, ಮುರಿದ ಕಾಲಿಗೆ ಇಟ್ಟಿಗೆ ಆನಿಸಿದ ಸ್ಟೂಲಿನ ಮೇಲೆ ಹೆಂಗಸೊಬ್ಬರು ಕೂತಿದ್ದಾರೆ. ಎರಡು ಕೈಯಲ್ಲಿ ಎರಡು ಮೊಟ್ಟೆ. ಅವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒಂದಕ್ಕೊಂದು ತಾಗಿಸುತ್ತಾರೆ. ‘ಟಿಣ್’ ಅಂದರೆ ತಲೆಯಾಡಿಸಿ ಟ್ರೇಗೆ ಇಡುತ್ತಾರೆ. ‘ಟಪ್’ ಅಂದರೆ ಮುಖ ಹುಳ್ಳಗಾಗುತ್ತದೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳುತ್ತದಂತೆ. ಈ ಕಛೇರಿಗೆ ಶ್ರೋತೃಗಳು ಆರುನೂರು ಕೋಳಿಗಳು. ಅವುಗಳಲ್ಲಿ ಒಂದಕ್ಕೂ ಸುಮ್ಮನಿದ್ದು ಕೇಳುವ ಅಭ್ಯಾಸವಿಲ್ಲ.

ಇವರು ವಿಜ್ಞಾನಿ. ಪಶು ಆಹಾರ ಸಂಶೋಧನಾ ಕೇಂದ್ರದಲ್ಲಿ ಮೂವತ್ತು ವರ್ಷದಿಂದ ಕೋಳಿ, ಹಸು, ಆಡುಗಳ ಹೊಟ್ಟೆಯ ವಿಚಾರ ನೋಡಿಕೊಳ್ಳುತ್ತಿದ್ದಾರೆ. ಬಾಗಿಲ ಮೇಲಿನ ಫಲಕದಲ್ಲಿ ಉದ್ದನೆಯ ಪದವಿಗಳಿವೆ, ಓದುವವರಿಲ್ಲ. ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರಿಗೂ ಅವರು ‘ಕೋಳಿ ಮೇಡಂ’. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಎನ್ನುವುದು ಗಾದೆ. ಮೇಡಂ ಮಾತ್ರ ಕೋಳಿಯನ್ನು ಕೇಳದೆ ಒಂದು ಹಿಡಿ ಜೋಳವನ್ನೂ ಅರೆಸಿದವರಲ್ಲ.

ಕಂಡವರಿಗೆಲ್ಲ ಅವರು ಡಾಕ್ಟರು. ಮೊಣಕಾಲು ನೋವು, ಎದೆಯುರಿ, ಮಗುವಿನ ಕೆಮ್ಮು, ಎಲ್ಲವೂ ಅವರ ಹತ್ತಿರ ಬರುತ್ತವೆ. “ನಿಮಗೆ ಗರಿ ಇದ್ದಿದ್ರೆ ಏನಾದ್ರೂ ಹೇಳ್ತಿದ್ದೆ” ಎಂದು ಅವರು ಕೈಮುಗಿಯುತ್ತಾರೆ. ಮದುವೆ ಮನೆಯಲ್ಲಿ ಯಾರಾದರೂ ಪಕ್ಕದಲ್ಲಿ ಕೂತು “ಏನು ಕೆಲಸ?” ಎಂದು ಕೇಳಿದರೆ ನಿಜವನ್ನೇ ಹೇಳುತ್ತಾರೆ: “ಕೋಳಿ ತಿಂದದ್ದನ್ನ ತೂಗ್ತೀನಿ, ಆಮೇಲೆ ಅದು ಹಾಕಿದ್ದನ್ನ ತೂಗ್ತೀನಿ. ಮಧ್ಯೆ ಏನಾಯ್ತು ಅಂತ ಯೋಚಿಸ್ತೀನಿ.” ಕೇಳಿದವರಿಗೆ ಆಗ ದೂರದಲ್ಲಿ ಯಾರೋ ಪರಿಚಯದವರು ಕಾಣಿಸಿಬಿಡುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ ಕೊಟ್ಟದ್ದು ಆಡುಗಳನ್ನು. ಯಾವ ಸೊಪ್ಪು ಎಷ್ಟು ಜೀರ್ಣವಾಗುತ್ತದೆ ಎಂಬ ಪ್ರಯೋಗ. ಒಂದು ಮಧ್ಯಾಹ್ನ ಅವರ ಪ್ರಬಂಧದ ಮೂರನೇ ಅಧ್ಯಾಯವನ್ನು, ಕೋಷ್ಟಕಗಳ ಸಮೇತ, ಒಂದು ಆಡು ಮೆದ್ದುಹಾಕಿತು. ಬೇರೆಯವರಾದರೆ ತಲೆಮೇಲೆ ಕೈಹೊತ್ತು ಕೂರುತ್ತಿದ್ದರು. ಮೇಡಂ ಹೇಳುವುದೇ ಬೇರೆ: “ಅಳೋಕೆ ಪುರುಸೊತ್ತೆಲ್ಲಿತ್ತು? ಅದೂ ತಿಂದ ಲೆಕ್ಕಕ್ಕೇ ಸೇರಬೇಕಲ್ಲ! ಅಷ್ಟೇ ಹಾಳೆ ತಂದು ತೂಗಿ, ಆ ದಿನದ ಸೊಪ್ಪಿನ ಜೊತೆ ಕೂಡಿಸಿದೆ. ನನ್ನ ಪ್ರಬಂಧವನ್ನ ಪೂರ್ತಿ ಜೀರ್ಣಿಸಿಕೊಂಡ ಜೀವ ಅಂದ್ರೆ ಅದೊಂದೇ.”

ಮನೆಯಲ್ಲಿ ಮಾತ್ರ ಈ ವಿಜ್ಞಾನಕ್ಕೆ ಅಷ್ಟು ಮರ್ಯಾದೆ ಸಿಗಲಿಲ್ಲ. ಮದುವೆಯಾದ ವರ್ಷವೇ ಒಂದು ದಿನ ಪ್ರಯೋಗಾಲಯದಲ್ಲಿ ಕರೆಂಟು ಹೋಯಿತು. ಕೋಳಿ ಹಿಕ್ಕೆಯ ಮಾದರಿಗಳು ಕೆಟ್ಟುಹೋದರೆ ಒಂದು ತಿಂಗಳ ಶ್ರಮ ನೀರುಪಾಲು. ಮೇಡಂ ಅವನ್ನು ಡಬ್ಬಿಗೆ ತುಂಬಿ ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟರು. ಅತ್ತೆ ಅದು ಯಾವುದೋ ಪುಡಿ ಇರಬೇಕೆಂದು ಮುಚ್ಚಳ ತೆಗೆದು ಮೂಸಿದರು. ಆಮೇಲೆ ನಡೆದದ್ದನ್ನು ಇಬ್ಬರೂ ವಿವರವಾಗಿ ಹೇಳುವುದಿಲ್ಲ. ಅಂದಿನಿಂದ ಸೊಸೆ ಕೆಲಸ ಮಾಡುವ ಕಡೆಗೆ ಅತ್ತೆ ತಲೆಹಾಕಿ ಮಲಗಿದವರೂ ಅಲ್ಲ.

ಹದಿನೈದು ವರ್ಷದಿಂದ ಮೇಡಂ ತಲೆಯೊಳಗೆ ಹೊಕ್ಕು ಕೂತಿರುವುದು ಒಂದೇ ಪ್ರಶ್ನೆ: ಬೇಸಿಗೆಯಲ್ಲಿ ಮೊಟ್ಟೆಯ ಚಿಪ್ಪು ಯಾಕೆ ಇಷ್ಟು ಬೇಗ ಒಡೆಯುತ್ತದೆ? ಸೆಕೆಗೆ ಕೋಳಿ ಬಾಯಿಬಿಟ್ಟು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಚಿಪ್ಪು ತೆಳುವಾಗುತ್ತದೆ. ಅಷ್ಟು ಎಲ್ಲರಿಗೂ ಗೊತ್ತು. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ, ಹಗಲು ತಿಂದ ಸುಣ್ಣದ ಪುಡಿ ಅಷ್ಟು ಹೊತ್ತಿಗೆ ಹೊಟ್ಟೆ ದಾಟಿರುತ್ತದೆ. ಅದೇ ಸುಣ್ಣಕಲ್ಲನ್ನು ಸಂಜೆ ದಪ್ಪ ಚೂರುಗಳಾಗಿ ಕೊಟ್ಟರೆ ರಾತ್ರಿಯಿಡೀ ನಿಧಾನಕ್ಕೆ ಕರಗುತ್ತದೆ. ತತ್ವ ಹೊಸದಲ್ಲ ಎಂದು ಮೇಡಂ ತಾವೇ ಹೇಳುತ್ತಾರೆ. ಆದರೆ ಇಂಥ ಉರಿಬಿಸಿಲಿನಲ್ಲಿ, ಇಲ್ಲಿಯ ಕೋಳಿಗೆ, ಎಷ್ಟು ದಪ್ಪದ ಚೂರು, ಎಷ್ಟು ಹೊತ್ತಿಗೆ? ಇಲ್ಲಿ ಅದನ್ನು ಇದಮಿತ್ಥಂ ಎಂದು ತೋರಿಸಿದವರಿಲ್ಲ. ಅವರು ತೋರಿಸಬೇಕು. ನಿವೃತ್ತಿಗೆ ಉಳಿದಿದ್ದದ್ದು ಎರಡು ಬೇಸಿಗೆ.

ಮೊದಲ ಬೇಸಿಗೆಯಲ್ಲಿ ಅವರು ಶೆಡ್ಡನ್ನು ಎರಡು ಸಾಲು ಮಾಡಿದರು. ಒಂದು ಸಾಲಿಗೆ ಸಂಜೆ ಸುಣ್ಣಕಲ್ಲಿನ ಚೂರು, ಇನ್ನೊಂದಕ್ಕೆ ಇಲ್ಲ. ಬಡಿಸುವ ಕೆಲಸ ಶೆಡ್ಡಕ್ಕನದು. ಶೆಡ್ಡಕ್ಕ ಎಂದರೆ ಶೆಡ್ಡು ಕಟ್ಟಿದಂದಿನಿಂದ ಅಲ್ಲಿ ಗುಡಿಸಿ, ತೊಳೆದು, ಕೋಳಿಗಳನ್ನು ಬೈದು, ಬೈದದ್ದಕ್ಕೆ ತಾನೇ ಮರುಗುವ ಹೆಂಗಸು. ಬೇಸಿಗೆ ಮುಗಿಯಿತು. ಲೆಕ್ಕ ಹಾಕಿದರೆ ಎರಡು ಸಾಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. “ಅಲ್ಲಿಗೆ ಮುಗೀತಲ್ಲ ಮೇಡಂ” ಎಂದರು ನಿರ್ದೇಶಕರು, ಸಮಾಧಾನ ಹೇಳುವ ದನಿಯಲ್ಲೇ. ಶೆಡ್ಡು ಖಾಲಿಯಾದರೆ ಕಾರು ನಿಲ್ಲಿಸುವುದಕ್ಕೆ ಒಳ್ಳೆಯ ನೆರಳು ಎಂದು ಅವರ ಕಣ್ಣು ಮೊದಲೇ ಬಿದ್ದಿತ್ತು.

ಅದೇ ವಾರ ಮೇಡಂ ಮರೆತ ಕೊಡೆಯನ್ನು ತರಲು ಸಂಜೆ ಶೆಡ್ಡಿಗೆ ವಾಪಸು ಹೋದರು. ಶೆಡ್ಡಕ್ಕ ಮಿಕ್ಕಿದ್ದ ಚೂರಿನ ಬಕೆಟ್ಟು ಹಿಡಿದು ಒಂದು ಸಾಲು ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಸಾಲಿಗೂ ಬಡಿಸಿಕೊಂಡು ಬರುತ್ತಿದ್ದಳು.

“ಅಕ್ಕಾ, ಏನು ಮಾಡ್ತಿದ್ದೀರಿ?”

“ಯಾಕ್ ಮೇಡಂ, ದಿನಾ ಮಾಡೋದೇ. ಆ ಸಾಲಿಗೆ ಹಾಕೋವಾಗ ಈ ಸಾಲಿನವು ಕತ್ತು ಉದ್ದ ಮಾಡಿ ನೋಡ್ತಾವೆ. ಒಟ್ಟಿಗೆ ಕೂತವರಲ್ಲಿ ಒಬ್ಬರಿಗೆ ಬಡಿಸಿ ಇನ್ನೊಬ್ಬರನ್ನ ದಾಟಿ ಹೋಗೋಕಾಗುತ್ತಾ? ಪಂಕ್ತಿಭೇದ ಮಾಡಿದ ಕೈಗೆ ಒಳ್ಳೇದಾಗಲ್ಲ.”

ಮೇಡಂ ಬಕೆಟ್ಟಿನ ಪಕ್ಕದಲ್ಲೇ ಕುಸಿದು ಕೂತರಂತೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರಂತೆ. ಇಡೀ ಬೇಸಿಗೆ, ಇಡೀ ಶೆಡ್ಡು, ಒಬ್ಬಳ ಕರುಣೆಗೆ ಆಹುತಿಯಾಗಿತ್ತು.

ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಅವರು ಇದ್ದದ್ದು ಇದ್ದಹಾಗೆ ಹೇಳಿದರು. “ಪಂಕ್ತಿಭೇದ ಆಗಬೇಕಿತ್ತು, ಆಗಲಿಲ್ಲ. ಅದಕ್ಕೇ ಪ್ರಯೋಗ ಕೆಟ್ಟಿತು.” ಒಬ್ಬರು ಶೆಡ್ಡಕ್ಕನನ್ನು ಕೆಲಸದಿಂದ ತೆಗೆಯಬೇಕೆಂದರು. ಮೇಡಂ ಎದ್ದು ನಿಂತರು. “ಅವಳನ್ನ ಕಳಿಸೋದಾದ್ರೆ ನನ್ನನ್ನೂ ಈಗಲೇ ಕಳಿಸಿ. ಏನು ಮಾಡು ಅಂತ ಹೇಳಿದ್ದೆ, ಯಾಕೆ ಅಂತ ಹೇಳಿರಲಿಲ್ಲ. ಕೊನೇ ಒಂದು ಬೇಸಿಗೆ ಕೊಡಿ. ಆಗದಿದ್ರೆ ಶೆಡ್ಡಿನಲ್ಲಿ ಕಾರು ನಿಲ್ಲಿಸಿ, ನಾನೇ ಗುಡಿಸಿಕೊಡ್ತೀನಿ.” ನಗು ತಡೆಯಲಾರದೆ ಸಮಿತಿ ಒಪ್ಪಿತು.

ಈ ಸಲ ಯಾರಿಗೂ, ಮೇಡಂಗೂ ಸಹ, ಯಾವ ಸಾಲಿಗೆ ಏನು ಎಂದು ಗೊತ್ತಿರಬಾರದು. ಸಂಜೆ ಎರಡು ಸಾಲಿಗೂ ಒಂದೇ ಗಾತ್ರದ ಬಿಳಿ ಚೂರು. ಒಂದು ಸುಣ್ಣಕಲ್ಲು, ಇನ್ನೊಂದು ಕರಗದ ಬೆಣಚುಕಲ್ಲು. ಬೆಣಚುಕಲ್ಲು ಸಿಕ್ಕ ಸಾಲಿಗೆ ಅಷ್ಟೇ ಸುಣ್ಣ ಬೆಳಗಿನ ಮೇವಿನಲ್ಲಿ ಪುಡಿಯಾಗಿ ಹೋಗುತ್ತದೆ. ಚೂರಿನ ಚೀಲ, ಮೇವಿನ ಚೀಲ ಎರಡಕ್ಕೂ ಒಬ್ಬರೇ ಕೂತು ಸಾಲಿಗೊಂದು ಬಣ್ಣದಂತೆ ನೀಲಿ, ಕೆಂಪು ದಾರ ಕಟ್ಟಬೇಕು, ಕಟ್ಟಿ ಬಾಯಿ ಮುಚ್ಚಿಕೊಂಡಿರಬೇಕು. ಯಾರು? ಮೇಡಂ ಯಜಮಾನರ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ನಿರ್ದೇಶಕರು ಸಭೆಯಲ್ಲಿ ಗುಟ್ಟೆಂದು ಹೇಳಿದ್ದು ಸಂಜೆಗೆ ಕ್ಯಾಂಟೀನಿನಲ್ಲಿ ಸಿಗುತ್ತದೆ. ಯೋಚಿಸಿ ಯೋಚಿಸಿ ಮೇಡಂ ಅತ್ತೆಯ ಮುಂದೆ ನಿಂತರು. ತಮ್ಮ ವಯಸ್ಸೆಷ್ಟು ಎಂದು ಹೆತ್ತ ಮಗನಿಗೂ ಈವರೆಗೆ ಬಿಟ್ಟುಕೊಡದ ಹೆಂಗಸು ಅವರು.

“ಡಬ್ಬಿಯಲ್ಲಿ ಏನೂ ಇರಲ್ಲ ತಾನೆ?” ಎಂದಷ್ಟೇ ಕೇಳಿ ಅತ್ತೆ ಒಪ್ಪಿದರು. ಶೆಡ್ಡಿಗೆ ಕಾಲಿಡದೆ, ಕೇಂದ್ರದ ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ದಾರ ಕಟ್ಟಿ ಬಂದರು. ಎಲ್ಲಾದರೂ ಬರೆದಿಡಿ ಅತ್ತೆ ಎಂದರೆ, “ಬರೆದರೆ ನೀನು ಹುಡುಕ್ತೀಯ” ಎಂದರು. ಗುಟ್ಟು ಅವರ ತಲೆಯಲ್ಲಿ ಮಾತ್ರ ಉಳಿಯಿತು.

ಆಗ ಶುರುವಾಯಿತು ಕೇಂದ್ರದಲ್ಲಿ ಹೊಸ ಚಿಂತೆ. ಸ್ವಂತ ಅತ್ತೆಗೆ ಫೋನು ಮಾಡಿ ಅಭ್ಯಾಸವಿಲ್ಲದ ನಿರ್ದೇಶಕರು ಮೇಡಂ ಅತ್ತೆಗೆ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. “ಅಮ್ಮಾ, ಊಟ ಸೇರುತ್ತಾ? ನಿದ್ದೆ? ಅಂದ ಹಾಗೆ, ತಮಗೆ ವಯಸ್ಸು ಈಗ...” ಅಲ್ಲಿಗೆ ಫೋನು ಇಟ್ಟ ಸದ್ದು. ನಡುವೆ ಅತ್ತೆಗೆ ನೆಗಡಿಯಾದಾಗ ಸಮಿತಿಯ ಇಬ್ಬರು ಹಣ್ಣು ಹಿಡಿದುಕೊಂಡು ಮನೆಗೇ ಬಂದರು. ಅತ್ತೆಗೆ ಇದೆಲ್ಲ ಹಿಡಿಸಿಬಿಟ್ಟಿದೆ. “ನಾನಿನ್ನೂ ಇರಬೇಕು ಅಂತ ಇಷ್ಟು ಜನ ಹಾರೈಸ್ತಾರೆ ಅಂತ ಗೊತ್ತಿದ್ರೆ ಮೊದಲೇ ಒಂದು ಗುಟ್ಟು ಇಟ್ಕೊತಿದ್ದೆ” ಎನ್ನುತ್ತಾರೆ.

ಬೇಸಿಗೆ ಕಾವೇರಿದಂತೆ ನೀಲಿ ಸಾಲಿನ ಮೊಟ್ಟೆ ‘ಟಿಣ್’ ಎನ್ನುತ್ತಲೇ ಇವೆ, ಕೆಂಪು ಸಾಲಿನವು ‘ಟಪ್’. ಮೇಡಂಗೆ ನಿದ್ದೆ ಹಾರಿಹೋಗಿದೆ. ನೀಲಿ ಗೆಲ್ಲುತ್ತಿದೆ, ಸರಿ. ಆದರೆ ನೀಲಿ ಯಾವುದು? ಸುಣ್ಣಕಲ್ಲಾದರೆ ಹದಿನೈದು ವರ್ಷ ಹೇಳಿದ್ದು ಸರಿ. ಬೆಣಚುಕಲ್ಲಾದರೆ ಹದಿನೈದು ವರ್ಷ ಹೇಳಿದ್ದು ತಪ್ಪು, ತಿದ್ದಿಕೊಳ್ಳಲು ಇನ್ನೊಂದು ಬೇಸಿಗೆಯೂ ಇಲ್ಲ. ಹುಳಿ ಬಿದ್ದರೆ ಸುಣ್ಣಕಲ್ಲು ನೊರೆ ಬಿಡುತ್ತದೆ. ಅಡುಗೆಮನೆಯ ಒಂದು ನಿಂಬೆಹಣ್ಣು ಸಾಕು, ಗುಟ್ಟು ರಟ್ಟು. ಒಂದು ಸಂಜೆ ಅವರು ಬುಟ್ಟಿಯ ಮುಂದೆ ಸುಮ್ಮನೆ ನಿಂತಿದ್ದಾರೆ. ಹಿಂದಿನಿಂದ ಅತ್ತೆಯ ದನಿ: “ನಿಂಬೆಹಣ್ಣು ಮುಟ್ಟಬೇಡ.”

“ಪಾನಕಕ್ಕೆ ಅತ್ತೆ.”

“ಪಾನಕ ನಾನು ಮಾಡಿಕೊಡ್ತೀನಿ. ಕೈ ಹಿಂದಕ್ಕೆ ತಗೋ.”

ಇವತ್ತು ಪ್ರಯೋಗದ ಕೊನೆಯ ದಿನ. ಬೆಳಗಿನ ಮೊಟ್ಟೆಗಳನ್ನು ಕೇಳಿ ಮುಗಿಸಿ ಮೇಡಂ ಎದ್ದು ನಿಂತಿದ್ದಾರೆ. ನಿರ್ದೇಶಕರು ಬಂದಿದ್ದಾರೆ. ಯಜಮಾನರು ಬಂದಿದ್ದಾರೆ. ಅವರ ತೋಳು ಹಿಡಿದು, ಮೂಗಿಗೆ ಸೆರಗು ಮುಚ್ಚಿ, ಅತ್ತೆ ಸೊಸೆಯ ಶೆಡ್ಡಿಗೆ ಮೊದಲ ಸಲ ಕಾಲಿಟ್ಟಿದ್ದಾರೆ. ಬಂದವರೇ ಕುರ್ಚಿ ಕೇಳುತ್ತಾರೆ. ನೀರು ಕೇಳುತ್ತಾರೆ. ನಿಧಾನಕ್ಕೆ ಕುಡಿಯುತ್ತಾರೆ.

“ಯಾವುದು ಗಟ್ಟಿ?”

“ನೀಲಿ, ಅತ್ತೆ.”

“ನನ್ನ ಬಾಯಿಮಾತು ಯಾಕೆ ನಂಬ್ತೀರಿ? ಕಣ್ಣಾರೆ ನೋಡಿ” ಎಂದು ಅತ್ತೆ ಕೈಚೀಲದಿಂದ ಒಂದು ಹೋಳು ನಿಂಬೆಹಣ್ಣು ತೆಗೆಯುತ್ತಾರೆ. ಶೆಡ್ಡಕ್ಕ ನೀಲಿ ಚೀಲದಿಂದ ನಾಲ್ಕು ಚೂರು ಅಂಗೈಯಲ್ಲಿ ಹಿಡಿಯುತ್ತಾಳೆ. ಅತ್ತೆ ಹಿಂಡುತ್ತಾರೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಚೂರಿನ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆ, ಪಕ್ಕದಲ್ಲಿ ಇನ್ನೊಂದು, ನೋಡನೋಡುತ್ತಲೇ ಬಿಳಿ ನೊರೆ.

ಮೇಡಂ ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸುತ್ತಾರೆ, ಆ ಕೋಟಿನಲ್ಲಿ ಒರೆಸಿದರೆ ಯಾವ ಗಾಜೂ ಶುಭ್ರವಾಗುವ ಸಂಭವವಿಲ್ಲ. ಅತ್ತೆ ಮೂಗಿನ ಸೆರಗು ತೆಗೆದು ಅದರಲ್ಲೇ ಸೊಸೆಯ ಕಣ್ಣೊರೆಸುತ್ತಾರೆ. “ಅಳಬೇಡ. ಅಷ್ಟೇನೂ ವಾಸನೆ ಇಲ್ಲ ಬಿಡು” ಎನ್ನುತ್ತಾರೆ. ಸೊಸೆ ಇಷ್ಟು ವರ್ಷ ಕಾದ ಮಾತು ಅದು. ನಿರ್ದೇಶಕರು ಗಂಟಲು ಸರಿಮಾಡಿಕೊಂಡು, ಕಾರು ಬಿಸಿಲಲ್ಲೇ ನಿಂತರೂ ನಡೆಯುತ್ತದೆ, ಅದೇನೂ ಮೊಟ್ಟೆ ಇಡಬೇಕಾಗಿಲ್ಲ ಎನ್ನುತ್ತಾರೆ.

ನಿವೃತ್ತಿಯಾದ ಮೇಲೆ ಏನಾಸೆ ಎಂದು ಕೇಳಿದರೆ ಮೇಡಂ ಟ್ರೇಯಿಂದ ಒಂದು ಮೊಟ್ಟೆ ಎತ್ತಿಕೊಳ್ಳುತ್ತಾರೆ. “ಉರಿಬಿಸಿಲಲ್ಲಿ ಯಾರೋ ಅಂಗಡಿಯಿಂದ ಮೊಟ್ಟೆ ಕೊಂಡು ಮನೆಗೆ ಹೋಗ್ತಾರೆ. ಒಡೆದಿದ್ರೆ ಅಂಗಡಿಯವನಿಂದ ಹಿಡಿದು ಕೋಳಿವರೆಗೂ ಬೈತಾರೆ. ಒಡೀದಿದ್ರೆ ಯಾರನ್ನೂ ನೆನೆಸ್ಕೊಳಲ್ಲ, ಸುಮ್ಮನೆ ಬೇಯಿಸ್ಕೊಂಡು ತಿಂತಾರೆ. ಹಾಗೆ ಯಾರೂ ನೆನೆಸ್ಕೊಳದೆ ಇದ್ರೆ ಸಾಕು.”

ಶೆಡ್ಡಕ್ಕನಿಗೆ ಈ ಸಂಭ್ರಮದಲ್ಲಿ ಪಾಲಿಲ್ಲ. ಅಂಗೈಯ ನೊರೆ ಆರುತ್ತಿದ್ದರೂ ಅವಳ ಕಣ್ಣು ಕೆಂಪು ಸಾಲಿನ ಮೇಲಿದೆ. “ಅಂದ್ರೆ ಇವಕ್ಕೆ ಸಂಜೆ ಸಂಜೆ ಬರೀ ಕಲ್ಲು ಬಡಿಸಿದ್ನಾ ಮೇಡಂ? ಕೇಳಿದಾಗೆಲ್ಲ, ಸುಣ್ಣಕಲ್ಲು ಇವಕ್ಕೇ ಇದ್ರೂ ಇರಬಹುದು ಅಂತಿದ್ರಿ!”

“ಇರಬಹುದು ಅಂದಿದ್ದೆ, ಅಕ್ಕ. ನನಗೂ ಗೊತ್ತಿರಲಿಲ್ಲ.” ಮೇಡಂ ಬಗ್ಗಿ ಚೀಲದ ನೀಲಿ ದಾರ ಬಿಚ್ಚುತ್ತಾರೆ, ಬಕೆಟ್ಟು ತುಂಬಿ ಶೆಡ್ಡಕ್ಕನ ಕೈಗೆ ಕೊಡುತ್ತಾರೆ. ಆಚೆ ಕಡೆ ಕೆಂಪು ಸಾಲು ಆಗಲೇ ಕತ್ತು ಉದ್ದ ಮಾಡಿದೆ.

“ಹೋಗಿ, ಸಂಜೆವರೆಗೂ ಕಾಯಬೇಡಿ. ಕೆಂಪು ಸಾಲಿಗೂ ಬಡಿಸಿ.”